ಕಿವಿ ಚಪಲಕ್ಕೆ ಕ್ಯಾಮ್ ಬದಲಿಸಿದವನ ಕಥೆ

ಬಾಯಿ ಚಪಲಕ್ಕೆ ಹೊಟ್ಟೆ ಕೆಡಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ನಾನು ಕಿವಿ ಚಪಲಕ್ಕೆ ಒಂದು ಒಳ್ಳೆ ಎಂಜಿನ್ ಕೆಡಿಸಿದೆ. ಆಮೇಲೆ ಸರಿ ಮಾಡಿಕೊಂಡೆ ಅನ್ನಿ. ಆದರೆ ಮಧ್ಯೆ ಹೋದ ಎಂಟು ತಿಂಗಳು, ಸುರಿದ ದುಡ್ಡು, ಮನೆಯವಳ ಕೈಲಿ ತಿಂದ ಬೈಗುಳ, ಯಾವುದೂ ವಾಪಸ್ ಬರಲ್ಲ.

ಗಾಡಿ ಯಾವುದು ಅಂದರೆ ಕಾಂಟೆಸ್ಸಾ ಕ್ಲಾಸಿಕ್. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಕೆಎ 06, ಅಂದರೆ ನಮ್ಮ ತುಮಕೂರಿನ ನಂಬರು. ಇಸುಜು 1.8 ಪೆಟ್ರೋಲ್ ಎಂಜಿನ್, 1817 ಸಿಸಿ, ಹೊಸದರಲ್ಲಿ 88 ಕುದುರೆ. ಈಗ ಅದರಲ್ಲಿ ಎಷ್ಟು ಕುದುರೆ ಲಾಯ ಬಿಟ್ಟು ಹೋಗಿವೆಯೋ ದೇವರಿಗೇ ಗೊತ್ತು. 1984ರಲ್ಲಿ ಕಾಂಟೆಸ್ಸಾ ಬಂದಾಗ ಅಂಬಾಸಿಡರಿನ 1.5 ಲೀಟರ್ ಎಂಜಿನ್ನನ್ನೇ ಇದಕ್ಕೂ ಕೂರಿಸಿದ್ದರು. ಅಷ್ಟು ದೊಡ್ಡ ಬಾಡಿಗೆ ಅದು ಎಮ್ಮೆ ಗಾಡಿಗೆ ಮೇಕೆ ಕಟ್ಟಿದ ಹಾಗಿತ್ತಂತೆ. ಇಸುಜು ಬಂದ ಮೇಲೆ ಗಾಡಿಗೆ ಜೀವ ಬಂತು. 2002ಕ್ಕೆ ಕಾಂಟೆಸ್ಸಾ ನಿಂತೇಹೋಯಿತು. ಉದ್ದ ಬಾನೆಟ್ಟು, ಹಿಂದಿನ ಚಕ್ರಕ್ಕೆ ಡ್ರೈವು, ಅಗಲ ಮೂತಿ, ಇಷ್ಟಕ್ಕೇ ಜನ ಇದನ್ನು ಇಂಡಿಯಾದ ಮಸಲ್ ಕಾರು ಅನ್ನುತ್ತಾರೆ. ಪ್ರೀತಿಗೆ ಹೇಳೋ ಮಾತು, ಇರಲಿ.

ನಿಜವಾದ ಮಸಲ್ ಕಾರು ಇರುವುದು ನಮ್ಮ ಭಾವನ ಹತ್ತಿರ. ಅಕ್ಕ ಭಾವ ಟೆಕ್ಸಾಸಿನಲ್ಲಿದ್ದಾರೆ. ಭಾವ ಅಲ್ಲಿ 1970ರ ಶೆವ್ರೊಲೆ ಶೆವೆಲ್ ಕಾರೊಂದನ್ನು ಹುಡುಕಿ ತಗೊಂಡು ರಿಪೇರಿ ಮಾಡಿಸಿಕೊಂಡಿದ್ದಾರೆ. 350 ಕ್ಯುಬಿಕ್ ಇಂಚಿನ ವಿ8 (ಎಂಟು ಸಿಲಿಂಡರ್) ಎಂಜಿನ್, ಅಂದರೆ 5.7 ಲೀಟರ್. ನನ್ನ ಗಾಡಿಯಂಥ ಮೂರು ಎಂಜಿನ್ನಿಗೂ ಮಿಗಿಲು. ಎರಡು ವರ್ಷದ ಹಿಂದೆ ಒಂದು ಭಾನುವಾರ ವಿಡಿಯೋ ಕಾಲ್ ಮಾಡಿ, "ಕ್ಯಾಮ್ ಚೇಂಜ್ ಮಾಡಿಸಿದೆ, ಕೇಳು" ಅಂತ ಫೋನನ್ನು ಸೈಲೆನ್ಸರ್ ಹತ್ತಿರ ಹಿಡಿದರು. ಗುಡುಕ್ ಗುಡುಕ್, ಒಂದು ಸಲ ತಡೆದು ಮತ್ತೆ ಗುಡುಕ್. ನಿಂತಲ್ಲೇ ಇಡೀ ಕಾರು ತೂಗುತ್ತಿತ್ತು. ನಾನು ಅವತ್ತೇ ಕೆಟ್ಟೆ.

ಆ ಸದ್ದು ಎಲ್ಲಿಂದ ಬರುತ್ತದೆ ಅನ್ನೋದನ್ನು ಆಗಲೇ ಕೂತು ಯೋಚಿಸಿದ್ದರೆ ಈ ಪುರಾಣ ಇರುತ್ತಿರಲಿಲ್ಲ. ಕ್ಯಾಮ್ ಶಾಫ್ಟ್ ಅಂದರೆ ಉಬ್ಬುಗಳಿರುವ ಒಂದು ಕಬ್ಬಿಣದ ದಂಡ. ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ, ಅಂದರೆ ಕ್ರ್ಯಾಂಕ್, ಎರಡು ಸುತ್ತು ಸುತ್ತಿದರೆ ಇದು ಒಂದು ಸುತ್ತು. ಒಂದೊಂದು ಉಬ್ಬು ಒಂದೊಂದು ವಾಲ್ವನ್ನು ತೆರೆಯುತ್ತದೆ. 3,000 ಆರ್‌ಪಿಎಂನಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚಬೇಕು, ಅಷ್ಟರಲ್ಲಿ ಗಾಳಿ ಒಳಗೆ ಬರಬೇಕು, ಹೊಗೆ ಹೊರಗೆ ಹೋಗಬೇಕು. ಎಂಜಿನ್ ಜೋರಾಗಿ ತಿರುಗಿದಷ್ಟೂ ಟೈಮ್ ಸಾಲಲ್ಲ. ಅದಕ್ಕೆ ರೇಸಿನವರು ವಾಲ್ವನ್ನು ಬೇಗ ತೆಗೆದು ತಡವಾಗಿ ಮುಚ್ಚುವಂಥ, ಜಾಸ್ತಿ ಎತ್ತುವಂಥ ಕ್ಯಾಮ್ ಹಾಕುತ್ತಾರೆ. ಎಷ್ಟು ಎತ್ತುತ್ತದೆ ಅನ್ನೋದು ಲಿಫ್ಟ್. ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗುವವರೆಗೆ ತೆರೆದಿರುತ್ತದೆ ಅನ್ನೋದು ಡ್ಯುರೇಶನ್. ಇನ್‌ಲೆಟ್ಟು, ಎಕ್ಸಾಸ್ಟು ಎರಡೂ ಒಟ್ಟಿಗೇ ತೆರೆದಿರುವ ಹೊತ್ತು ಓವರ್‌ಲ್ಯಾಪ್.

ಗುಡುಕ್ ಗುಡುಕ್ ಹುಟ್ಟುವುದು ಈ ಓವರ್‌ಲ್ಯಾಪಿನಲ್ಲಿ. ಮೇಲಿನ ಸ್ಪೀಡಿನಲ್ಲಿ ಅದು ಒಳ್ಳೇದೇ, ಹೊರಗೆ ಹೋಗುವ ಹೊಗೆಯ ವೇಗವೇ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೇ ಎಂಜಿನ್ ಮೆಲ್ಲಗೆ ಓಡುವಾಗ, ಉಲ್ಟಾ. ಹೊಗೆ ತಿರುಗಿ ಇನ್‌ಲೆಟ್ ಕಡೆಗೇ ನುಗ್ಗಿ ಹೊಸ ಗಾಳಿ-ಪೆಟ್ರೋಲನ್ನು ಹಳಸು ಮಾಡುತ್ತದೆ, ಒಂದು ಸಲ ಉರಿದರೆ ಇನ್ನೊಂದು ಸಲ ಸರಿಯಾಗಿ ಉರಿಯಲ್ಲ. ಅಂದರೆ ನಾವು ಮೈ ಮರೆತು ಕೇಳುವ ಆ ಸದ್ದು, ಎಂಜಿನ್ನಿಗೆ ಅನ್ನ ನೆತ್ತಿಗೆ ಹತ್ತಿ ಕೆಮ್ಮುವ ಸದ್ದು! ಇದು ನನಗೆ ತಿಳಿದಿದ್ದು ದುಡ್ಡು ಕೊಟ್ಟ ಮೇಲೆ.

ಭಾವನಿಗೆ ಅಲ್ಲಿ ಪುಸ್ತಕದಲ್ಲಿ ನೋಡಿ ಇಂಥ ನಂಬರಿನ ಕ್ಯಾಮ್ ಬೇಕು ಅಂತ ಆರ್ಡರ್ ಮಾಡಿದರೆ ಮನೆಗೆ ಬರುತ್ತದೆ. ಕಾಂಟೆಸ್ಸಾಗೆ ಒರಿಜಿನಲ್ ಕ್ಯಾಮ್ ಸಿಕ್ಕಿದರೇ ಪುಣ್ಯ, ಇನ್ನು ಇಂಥ ರೇಸಿನ ಹಾಟ್ ಕ್ಯಾಮ್ ಎಲ್ಲಿಂದ ತರೋದು? ಇಲ್ಲಿ ಇರುವುದು ಒಂದೇ ದಾರಿ, ಹಳೇ ಕ್ಯಾಮನ್ನೇ ರೀಗ್ರೈಂಡ್ ಮಾಡಿಸುವುದು. ಉಬ್ಬಿಗೆ ಲೋಹ ಸೇರಿಸುವುದಿಲ್ಲ, ಸುತ್ತಲಿನ ಬುಡವನ್ನು ಅರೆದು ಸಣ್ಣ ಮಾಡುತ್ತಾರೆ. ಬುಡ ತಗ್ಗಿದರೆ ತುದಿ ತಾನಾಗೇ ಎತ್ತರ ಆದ ಹಾಗೆ ಅಲ್ವಾ? ಹೊರ ರಾಜ್ಯದ ಒಂದು ಗ್ರೈಂಡಿಂಗ್ ಶಾಪಿನ ನಂಬರ್ ಸಿಕ್ಕಿತು. "ಯಾವುದಕ್ಕೆ ಸಾರ್, ರೋಡಿಗಾ ರೇಸಿಗಾ?" ಅಂತ ಕೇಳಿದರು. "ರೋಡಿಗೇ, ಆದರೆ ಸೌಂಡ್ ಬರಬೇಕು" ಅಂದೆ. ಎಷ್ಟು ಆರ್‌ಪಿಎಂನಲ್ಲಿ ಓಡಿಸ್ತೀರಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂರು ವಾರಕ್ಕೆ ಪಾರ್ಸೆಲ್ ಬಂತು. ಶಿರಾ ಗೇಟ್ ಹತ್ತಿರ ನಮ್ಮ ಭಾಯಿ ಗ್ಯಾರೇಜು. ಕ್ಯಾಮ್ ಹೆಡ್ಡಿನ (ಸಿಲಿಂಡರುಗಳ ಮೇಲಿನ ಮುಚ್ಚಳ) ಮೇಲೇ ಇರುವುದರಿಂದ ಎಂಜಿನ್ ಇಳಿಸಬೇಕಾಗಿಲ್ಲ, ಒಂದೇ ದಿನದ ಕೆಲಸ. ಭಾಯಿ ಟೈಮಿಂಗ್ ಮಾರ್ಕಿಗೆ ಮಾರ್ಕ್ ಕೂರಿಸಿ, ವಾಲ್ವಿನ ಸಂದು ಹೊಂದಿಸಿ, ಸ್ಟಾರ್ಟ್ ಮಾಡಿದರು. ಗುಡುಕ್ ಗುಡುಕ್! ಪಕ್ಕದ ಟೀ ಅಂಗಡಿಯವರೂ ಬಂದು ನಿಂತರು. ಭಾಯಿ ಮಾತ್ರ ಮುಖ ಸೊಟ್ಟ ಮಾಡಿ, "ಅಣ್ಣಾ, ಇದು ಮಿಸ್ಸಿಂಗ್ ಇದ್ದಂಗಿದೆ" ಅಂದರು. ನಾನು ನಕ್ಕೆ.

ಮೊದಲ ವಾರ ಖುಷಿಯೋ ಖುಷಿ. ಎರಡನೇ ವಾರದಿಂದ ಒಂದೊಂದೇ ಶುರು. ಐಡ್ಲಿಂಗ್ 1,200ಕ್ಕೆ ಏರಿಸದೇ ಇದ್ದರೆ ನಿಂತುಹೋಗುತ್ತಿತ್ತು. ಬಿ.ಎಚ್. ರಸ್ತೆಯಲ್ಲಿ ಸೆಕೆಂಡ್ ಗೇರಿನಲ್ಲಿ ಆಟೋ ಹಿಂದೆ ತೆವಳೋದು ಅಂದರೆ ಗಾಡಿ ಕುಪ್ಪಳಿಸುತ್ತಿತ್ತು. ಎಸಿ ಹಾಕಿದರೆ ಸತ್ತೇಹೋಗುತ್ತಿತ್ತು. ಪಿಕಪ್ ಮೊದಲಿಗಿಂತ ಕಮ್ಮಿ. ಇನ್‌ಲೆಟ್ ವಾಲ್ವ್ ತಡವಾಗಿ ಮುಚ್ಚುವುದರಿಂದ ಪಿಸ್ಟನ್ ಮೇಲೆ ಬರುವಾಗ ತುಂಬಿದ ಗಾಳಿಯನ್ನು ತಾನೇ ಹೊರಗೆ ತಳ್ಳುತ್ತದೆ, ಕೆಳಗಿನ ಸ್ಪೀಡಿನಲ್ಲಿ ಕಂಪ್ರೆಶನ್ ಸೋರಿಹೋದ ಹಾಗೆ. ಊರೊಳಗೆ ಲೀಟರಿಗೆ 9 ಕೊಡುತ್ತಿದ್ದದ್ದು ಆರೂವರೆಗೆ ಇಳಿಯಿತು. ಹೊಗೆ ಟೆಸ್ಟಿಗೆ ಹೋದರೆ ಫೇಲ್. ನನ್ನಂಥ ಹಳೇ ಪೆಟ್ರೋಲ್ ಕಾರಿಗೆ ಹೈಡ್ರೋಕಾರ್ಬನ್ 1,500 ಪಿಪಿಎಂವರೆಗೆ ಬಿಡುತ್ತಾರೆ, ನನ್ನದು 2,000 ದಾಟಿತ್ತು. ಅರ್ಧ ಉರಿಯದ ಪೆಟ್ರೋಲು ನೇರ ಹೊರಗೆ. ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ, ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಬದಲಿಸಿದರೆ ಸರಿಹೋಗುತ್ತದೆ ಅಂತ ಕಾರ್ಬೊರೇಟರ್ ಜೊತೆ ಗುದ್ದಾಡುತ್ತಿದ್ದೆ.

ಬುದ್ಧಿ ಬಂದದ್ದು ದೇವರಾಯನದುರ್ಗದ ಬೆಟ್ಟದಲ್ಲಿ. ಒಂದು ಶನಿವಾರ ಮನೆಯವಳು, ಮಗಳು, ನಾನು ನರಸಿಂಹಸ್ವಾಮಿ ದರ್ಶನ ಮುಗಿಸಿ ಇಳಿಯುತ್ತಿದ್ದೆವು. ಗೇರಿನಲ್ಲಿ ಇಳಿಯುವಾಗ ಏನೂ ತೊಂದರೆ ಇರಲಿಲ್ಲ. ಒಂದು ತಿರುವಿನಲ್ಲಿ ಮುಂದಿದ್ದ ಟೆಂಪೊ ಟ್ರಾವೆಲರ್ ನಿಂತಿತು. ಕ್ಲಚ್ ಒತ್ತಿ ಬ್ರೇಕ್ ಹಾಕಿದೆ, ನಿಂತಿತು. ಅವನು ಎರಡಡಿ ಮುಂದೆ ಹೋದ, ನಾನೂ ಕ್ಲಚ್ ಒತ್ತಿಕೊಂಡೇ ಬಿಟ್ಟು ಬಿಟ್ಟು ಬ್ರೇಕ್ ಹಿಡಿದೆ. ಮೂರನೇ ಸಲಕ್ಕೆ ಪೆಡಲ್ ಕಲ್ಲು. ಒತ್ತಿದರೆ ಇಳಿಯುತ್ತಲೇ ಇಲ್ಲ. ಎರಡೂ ಕಾಲು ಸೇರಿಸಿ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಟ್ರಾವೆಲರಿನ ಬಂಪರಿಗೆ ಒಂದು ಗೇಣು ಇರುವಾಗ ನಿಲ್ಲಿಸಿದೆ. ಮನೆಯವಳು ಒಂದೇ ಮಾತು ಹೇಳಿದ್ದು: "ಈ ಗಾಡಿಗೆ ನಾನು ಇನ್ನು ಹತ್ತಲ್ಲ."

ಬ್ರೇಕು ಕೆಟ್ಟಿರಲಿಲ್ಲ. ನಮ್ಮ ಕಾಲಿನ ಒತ್ತಿಗೆ ಬಲ ಸೇರಿಸುವ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ ಗಾಳಿ ಎಳೆದು ಹುಟ್ಟಿಸುವ ವ್ಯಾಕ್ಯೂಮಿನಿಂದ. ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಎಂಜಿನ್ ಜೋರಾಗಿ ತಿರುಗುತ್ತಿರುವುದರಿಂದ ವ್ಯಾಕ್ಯೂಮ್ ಇರುತ್ತದೆ. ಕ್ಲಚ್ ಒತ್ತಿ ಐಡ್ಲಿಂಗಿಗೆ ಬಂದರೆ ದೊಡ್ಡ ಕ್ಯಾಮ್ ವ್ಯಾಕ್ಯೂಮ್ ಕಟ್ಟಿಕೊಳ್ಳಲು ಬಿಡಲ್ಲ. ಬೂಸ್ಟರಿನಲ್ಲಿ ಉಳಿದಿದ್ದು ಎರಡು ಸಲಕ್ಕೆ ಖಾಲಿ. ಮಾರನೇ ದಿನ ಗೇಜ್ ಹಾಕಿ ನೋಡಿದೆ. ಸಮುದ್ರ ಮಟ್ಟದಲ್ಲಿ ಒಳ್ಳೇ ಎಂಜಿನ್ ಐಡ್ಲಿಂಗಿನಲ್ಲಿ ಪಾದರಸದ ಲೆಕ್ಕದಲ್ಲಿ 18ರಿಂದ 21 ಇಂಚು ವ್ಯಾಕ್ಯೂಮ್ ತೋರಿಸುತ್ತದೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಮ್ಮಿ. ತುಮಕೂರು ಸುಮಾರು 2,700 ಅಡಿ ಮೇಲಿದೆ, ಅಂದರೆ ನಮಗೆ ಸಿಗಬೇಕಾದದ್ದು 16-17. ನನ್ನದು 9ಕ್ಕೂ 11ಕ್ಕೂ ಮಧ್ಯೆ ಮುಳ್ಳು ನಡುಗುತ್ತಿತ್ತು. ಸಮುದ್ರ ಮಟ್ಟದವರಿಗೆ ಹೇಗೋ ನಡೆದುಹೋಗುವ ಕ್ಯಾಮ್ ಕೂಡ ನಮ್ಮ ಕಡೆ ಬ್ರೇಕಿಗೆ ಕೈ ಕೊಡಬಹುದು. ಕ್ಯಾಮ್ ಹಾಕಿಸುವವರಿಗೆ ನಾನು ಹೇಳೋದು ಇಷ್ಟೇ, ಹಾಕಿದ ದಿನವೇ ದುಡ್ಡಿನ ಮುಖ ನೋಡದೆ ವ್ಯಾಕ್ಯೂಮ್ ಗೇಜ್ ಹಾಕಿ ನೋಡಿ.

ಗಾಡಿಯನ್ನು ದೊಡ್ಡಪ್ಪನ ಮನೆ ಶೆಡ್ಡಿಗೆ ತಂದು ನಿಲ್ಲಿಸಿದೆ. ದೊಡ್ಡಪ್ಪ ಇಲ್ಲಿನ ಎಚ್ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಇದ್ದವರು. ಆ ಫ್ಯಾಕ್ಟರಿ 2016ರಲ್ಲಿ ಮುಚ್ಚಿ, ಜಾಗ ಇಸ್ರೊ ಪಾಲಾಯಿತು. ದೊಡ್ಡಪ್ಪನ ಕೈ ಮಾತ್ರ ಇನ್ನೂ ಮೈಕ್ರಾನ್ ಲೆಕ್ಕದಲ್ಲೇ ಇದೆ. ಕಾರಿನ ಬಗ್ಗೆ ಏನೂ ಗೊತ್ತಿಲ್ಲ ಅಂತ ಅವರೇ ಹೇಳುತ್ತಾರೆ. ನನ್ನ ಕಥೆಯೆಲ್ಲ ಕೇಳಿ ಕೇಳಿದ್ದು ಒಂದೇ ಪ್ರಶ್ನೆ: "ಹಾಕೋಕೆ ಮುಂಚೆ ಅಳತೆ ನೋಡಿದ್ಯೇನೋ?" ನೋಡಿರಲಿಲ್ಲ. "ಮತ್ತೆ ಯಾತಕ್ಕೆ ಹಾಕ್ದೆ?"

ಅಳತೆಗೆ ಡಿಗ್ರಿ ವೀಲ್ ಬೇಕು. ನಮ್ಮ ಹತ್ತಿರ ಇರಲಿಲ್ಲ. ದೊಡ್ಡಪ್ಪ ಅಡುಗೆಮನೆಗೆ ಹೋಗಿ, ದೊಡ್ಡಮ್ಮ ತಟ್ಟೆ ಇಡ್ಲಿ ಬೇಯಿಸುವ ತಟ್ಟೆ ಒಂದನ್ನು ತಂದರು. (ಕ್ಯಾತ್ಸಂದ್ರದ ಇಡ್ಲಿ ತಿಂದವರಿಗೆ ಅದರ ಅಗಲ ಗೊತ್ತು.) ನಡುವೆ ಸರಿಯಾಗಿ ತೂತು ಹಾಕಿ, ಅಂಚಿಗೆ ಕಾಗದ ಅಂಟಿಸಿ, 360 ಗೆರೆಗಳನ್ನು ಚೂಪಾದ ಪೆನ್ಸಿಲ್ಲಿನಲ್ಲಿ ಎರಡು ಗಂಟೆ ಕೂತು ಗೀಚಿದರು. ದೊಡ್ಡಮ್ಮ ಇವತ್ತಿಗೂ ಆ ತಟ್ಟೆ ಕೇಳುತ್ತಾರೆ. ಅದನ್ನು ಕ್ರ್ಯಾಂಕ್ ಪುಲ್ಲಿಗೆ ಬಿಗಿದು, ಒಂದು ತಂತಿಯನ್ನು ಮುಳ್ಳು ಮಾಡಿ, ಪ್ಲಗ್ ತೂತಿನಲ್ಲಿ ಒಂದು ಬೋಲ್ಟ್ ಇಳಿಸಿ ಪಿಸ್ಟನ್ ಅದಕ್ಕೆ ತಾಗುವವರೆಗೆ ಮೆತ್ತಗೆ ಈ ಕಡೆ ಒಂದು ಸಲ, ಆ ಕಡೆ ಒಂದು ಸಲ ತಿರುಗಿಸಿ, ಎರಡೂ ಗೆರೆಯ ನಡು ಭಾಗ ಹಿಡಿದರೆ ಅದೇ ಸರಿಯಾದ ಟಾಪ್ ಡೆಡ್ ಸೆಂಟರ್ (ಟಿಡಿಸಿ), ಅಂದರೆ ಪಿಸ್ಟನ್ ತೀರಾ ಮೇಲಿರುವ ಜಾಗ. ಕಣ್ಣಂದಾಜಿನ ಟಿಡಿಸಿ ಈ ಕೆಲಸಕ್ಕೆ ನಡೆಯಲ್ಲ.

ಆಮೇಲೆ ವಾಲ್ವ್ ತಲೆಯ ಮೇಲೆ ಡಯಲ್ ಗೇಜ್. ವಾಲ್ವ್ 1.27 ಮಿಲಿಮೀಟರ್ ಎದ್ದಾಗ ಒಂದು ಓದು, ಇಳಿಯುತ್ತಾ ಮತ್ತೆ 1.27ಕ್ಕೆ ಬಂದಾಗ ಒಂದು ಓದು. ಅಮೆರಿಕದವರ 0.050 ಇಂಚು ಅಂದರೆ ಇದೇ, ಕ್ಯಾಮ್ ಡ್ಯುರೇಶನ್ ಹೇಳುವಾಗ ಅವರು ಹೆಚ್ಚಾಗಿ ಈ ಲೆಕ್ಕದಲ್ಲೇ ಹೇಳುತ್ತಾರೆ. ಅವರು ಅಳೆಯುವುದು ಉಬ್ಬಿನ ಹತ್ತಿರ, ನಾವು ಅಳೆದದ್ದು ವಾಲ್ವಿನ ಹತ್ತಿರ. ಹಳೇ ಕ್ಯಾಮ್ ರೀಗ್ರೈಂಡಿಗೆ ಹೋಗಿತ್ತಲ್ಲ, ಗುಜರಿಯಲ್ಲಿ ಇನ್ನೊಂದು ಒರಿಜಿನಲ್ ಕ್ಯಾಮ್ ಹುಡುಕಿ, ರಾಕರ್ (ಉಬ್ಬಿನ ಒತ್ತನ್ನು ವಾಲ್ವಿಗೆ ಮುಟ್ಟಿಸುವ ತೋಳು) ಸಮೇತ ತಂದು ಅದನ್ನೂ ಹೀಗೇ ಅಳೆದೆವು. ಎರಡನ್ನೂ ಹೋಲಿಸಲು ಅಷ್ಟು ಸಾಕಾಯಿತು. ದೊಡ್ಡಪ್ಪ ಉಸಿರು ಬಿಗಿ ಹಿಡಿದು ಓದುತ್ತಿದ್ದರು, ನಾನು ಸ್ಪ್ಯಾನರ್ ಹಿಡಿದು ಕೂದಲೆಳೆಯಷ್ಟು ತಿರುಗಿಸುತ್ತಿದ್ದೆ. ಹಿಂದಕ್ಕೆ ತಿರುಗಿಸಿದರೆ ಬೈಗುಳ, ಯಾಕಂದರೆ ಹಲ್ಲುಗಳ ಸಡಿಲು ಓದಿಗೆ ಸೇರಿಬಿಡುತ್ತದೆ.

ಸಾಯಂಕಾಲದ ಹೊತ್ತಿಗೆ ಮೂರು ವಿಷಯ ಹೊರಬಿತ್ತು. ಹೊಸ ಕ್ಯಾಮಿನ ಡ್ಯುರೇಶನ್ ಒರಿಜಿನಲ್ಲಿಗಿಂತ 32 ಡಿಗ್ರಿ ಜಾಸ್ತಿ. ಹತ್ತು ಡಿಗ್ರಿ ಏರಿಸಿದರೆ ಎಂಜಿನ್ನಿನ ಶಕ್ತಿ ಬರುವ ಜಾಗ ಸುಮಾರು 500 ಆರ್‌ಪಿಎಂ ಮೇಲಕ್ಕೆ ಹೋಗುತ್ತದೆ ಅನ್ನೋದು ಈ ಕಸುಬಿನವರ ಬಾಯಿಲೆಕ್ಕ. ಹಾಗೆ ನೋಡಿದರೆ ನನ್ನದು 1,600 ಮೇಲಕ್ಕೆ ಹೋಗಿ ಕೂತಿತ್ತು. ಎರಡನೇದು, ಮೂರನೇ ಸಿಲಿಂಡರಿನ ಇನ್‌ಲೆಟ್ ಉಬ್ಬು ಉಳಿದವಕ್ಕಿಂತ 0.15 ಮಿಲಿಮೀಟರ್ ಕಮ್ಮಿ. ಗ್ರೈಂಡಿಂಗಿನವರ ಅವಸರ. ಮೂರನೇದು ನಾನು ಎಣಿಸಿಯೇ ಇರಲಿಲ್ಲ. ಮಾರ್ಕಿಗೆ ಮಾರ್ಕ್ ಕೂಡಿದ್ದರೂ ಕ್ಯಾಮ್ 7 ಡಿಗ್ರಿ ತಡವಾಗಿತ್ತು. ಹಿಂದೆ ಎರಡು ಸಲ ಗಾಡಿ ಹೀಟ್ ಆಗಿ ಹೆಡ್ಡನ್ನು ಸ್ಕಿಮ್ಮಿಂಗ್ ಮಾಡಿಸಿದ್ದೆವು, ಅಂದರೆ ತಳ ಅರೆದು ಸಮ ಮಾಡಿಸಿದ್ದೆವು. ಹೆಡ್ ತೆಳ್ಳಗಾದಷ್ಟೂ ಅದರ ಮೇಲಿರುವ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರ ಬರುತ್ತದೆ, ಟೈಮಿಂಗ್ ತಡವಾಗುತ್ತದೆ. ಅದರ ಮೇಲೆ ಗ್ರೈಂಡಿಂಗಿನ ತಪ್ಪೂ ಸೇರಿತ್ತು. ತಡವಾದ ಕ್ಯಾಮ್ ಅಂದರೆ ಕೆಳಗಿನ ಶಕ್ತಿ ಇನ್ನೂ ಖೋತಾ.

"ನೀನು ಎಷ್ಟು ಆರ್‌ಪಿಎಂನಲ್ಲಿ ಓಡಿಸ್ತೀಯ ಅದನ್ನ ಬರ್ಕೊಂಡ್ ಬಾ ಹೋಗು" ಅಂದರು ದೊಡ್ಡಪ್ಪ. ಗುಜರಿಯಿಂದ ತಂದಿದ್ದ ಆ ಒರಿಜಿನಲ್ ಕ್ಯಾಮ್ ಹಾಕಿ ಎರಡು ವಾರ ಓಡಿಸಿದೆ. ಮಗಳು ಪಕ್ಕದ ಸೀಟಲ್ಲಿ ಕೂತು ನಿಮಿಷಕ್ಕೊಮ್ಮೆ ಟ್ಯಾಕೋಮೀಟರ್ ಓದಿ ರಫ್ ನೋಟ್‌ಬುಕ್ಕಿನಲ್ಲಿ ಬರೆದಳು, ಒಂದು ಓದಿಗೆ ಒಂದು ರೂಪಾಯಿ ಅಂತ ಮಾತಾಗಿತ್ತು. 312 ರೂಪಾಯಿ ಆಯಿತು. ಅದರಲ್ಲಿ 280 ಓದು 3,000ಕ್ಕಿಂತ ಕೆಳಗೆ. 4,000 ದಾಟಿದ್ದು ಆರೇ ಆರು ಸಲ, ಅವೂ ಡಾಬಸ್‌ಪೇಟೆ ಹತ್ತಿರ ಹೈವೇಲಿ ಲಾರಿ ಓವರ್‌ಟೇಕ್ ಮಾಡುವಾಗ. ನಾನು ಹಾಕಿಸಿದ್ದ ಕ್ಯಾಮಿಗೆ ಜೀವ ಬರುತ್ತಿದ್ದದ್ದೇ 4,000 ಹತ್ತಿರ. ಅಂದರೆ ಆ ಆರು ಸಲಕ್ಕೋಸ್ಕರ ಉಳಿದ 306 ಸಲ ನರಳುತ್ತಿದ್ದೆ.

ಭಾವನಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂದೂ ಅದೇ ಕಥೆ ಕಣಪ್ಪ" ಅಂದರು! ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆದ್ದರಿಂದ ಡ್ರೈವಿಗೆ ಹಾಕಿದ ಕೂಡಲೇ ಎಂಜಿನ್ ನಿಲ್ಲುತ್ತಿತ್ತಂತೆ. ಜಾಸ್ತಿ ಆರ್‌ಪಿಎಂನಲ್ಲಿ ಹಿಡಿಯುವ ಟಾರ್ಕ್ ಕನ್ವರ್ಟರ್ ಹಾಕಿಸಿದರಂತೆ, ಆಮೇಲೆ ಹಿಂದಿನ ಆಕ್ಸಲ್ಲಿನ ಗೇರ್ ರೇಶಿಯೋ ಬದಲಿಸಿದರಂತೆ, ವಾಲ್ವ್ ಸ್ಪ್ರಿಂಗ್ ಅಂತೂ ಮೊದಲೇ ಬದಲಿಸಿದ್ದರು. ಕ್ಯಾಮಿನ ಬೆಲೆಗಿಂತ ಅದರ ಪರಿವಾರದ ಖರ್ಚೇ ಜಾಸ್ತಿ. ಇಷ್ಟೆಲ್ಲ ಮಾಡಿದ ಮೇಲೆ ಒಂದು ಉಬ್ಬು ಸವೆದು ಚಪ್ಪಟೆಯಾಯಿತು. ಆ ಹಳೇ ವಿ8ಗಳಲ್ಲಿ ಚಪ್ಪಟೆ ತಳದ ಟ್ಯಾಪೆಟ್ (ಉಬ್ಬಿನ ಒತ್ತನ್ನು ವಾಲ್ವಿನ ಕಡೆಗೆ ಸಾಗಿಸುವ ತುಂಡು) ನೇರವಾಗಿ ಉಬ್ಬಿನ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಹೊಸ ಕ್ಯಾಮ್ ಹಾಕಿ ಸ್ಟಾರ್ಟ್ ಮಾಡಿದ ತಕ್ಷಣ 20 ನಿಮಿಷ 2,000-2,500ರಲ್ಲೇ ಓಡಿಸಬೇಕು, ಐಡ್ಲಿಂಗಿಗೆ ಬಿಡಬಾರದು. ನಿಧಾನ ತಿರುಗಿದರೆ ಉಬ್ಬಿಗೆ ಎಣ್ಣೆ ಸಿಡಿದು ಸಾಲಲ್ಲ. ಭಾವ ಖುಷಿಯಲ್ಲಿ ಐಡ್ಲಿಂಗಿನಲ್ಲೇ ಬಿಟ್ಟು ವಿಡಿಯೋ ಮಾಡಿದ್ದರು, ನನಗೆ ಕೇಳಿಸಿದ್ದು ಅದೇ ವಿಡಿಯೋ ಕಾಲು. ಆಯಿಲ್ಲೂ ಹೊಸ ನಮೂನೆಯದು. 2004ರಲ್ಲಿ ಬಂದ ಎಸ್ಎಂ ಅನ್ನೋ ಆಯಿಲ್ ದರ್ಜೆಯಿಂದ ಈಚೆಗೆ ಪೆಟ್ರೋಲ್ ಕಾರಿನ ತೆಳು ಆಯಿಲ್ಲುಗಳಲ್ಲಿ ಸವೆತ ತಡೆಯುವ ಜಿಂಕ್-ಫಾಸ್ಫರಸ್ ಕಮ್ಮಿ ಮಾಡಿದ್ದಾರೆ, ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲಿ ಅಂತ. ರೋಲರ್ ಇರುವ ಹೊಸ ಎಂಜಿನ್ನಿಗೆ ಸರಿ, ಹಳೇದಕ್ಕೆ ಸಾಲಲ್ಲ. ನನ್ನ ಗಾಡಿಯಲ್ಲೂ ರಾಕರ್ ಉಬ್ಬಿನ ಮೇಲೆ ಉಜ್ಜಿಕೊಂಡೇ ಹೋಗುವುದರಿಂದ ನಾನು 15ಡಬ್ಲ್ಯೂ-40 ಡೀಸೆಲ್ ಆಯಿಲ್ ಹಾಕುತ್ತೇನೆ. ಭಾಯಿ ಮೊದಲಿಂದಲೂ ಅದನ್ನೇ ಹಾಕುತ್ತಿದ್ದರು, ಕಾರಣ ಕೇಳಿದರೆ "ಹಳೇ ಗಾಡಿಗೆ ಅದೇ ಕುಂತ್ಕೊಳ್ತದೆ ಅಣ್ಣಾ" ಅನ್ನುತ್ತಿದ್ದರು.

ಎರಡನೇ ರೀಗ್ರೈಂಡನ್ನು ಬೇರೆ ಕಡೆ, ದೊಡ್ಡಪ್ಪ ಬರೆದುಕೊಟ್ಟ ಅಳತೆಗೆ ಮಾಡಿಸಿದೆ. ಒರಿಜಿನಲ್ಲಿಗಿಂತ ಡ್ಯುರೇಶನ್ 8 ಡಿಗ್ರಿ ಮಾತ್ರ ಜಾಸ್ತಿ, ಲಿಫ್ಟ್ ಅರ್ಧ ಮಿಲಿಮೀಟರ್ ಜಾಸ್ತಿ. ಬಂದ ತಕ್ಷಣ ಎಂಟೂ ಉಬ್ಬು ಅಳೆದೆವು. ಈ ಸಲ ಹೆಡ್ ಬಿಚ್ಚಿ, ಪಿಸ್ಟನ್ ತಲೆಯ ಮೇಲೆ ಮಗಳ ಆಟದ ಜೇಡಿಮಣ್ಣು ಮೆತ್ತಿ, ಮತ್ತೆ ಕಟ್ಟಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಬಿಚ್ಚಿ ನೋಡಿದೆವು. ವಾಲ್ವ್ ಒತ್ತಿದ ಗುರುತಿನ ಹತ್ತಿರ ಮಣ್ಣಿನ ದಪ್ಪ ಇನ್‌ಲೆಟ್ಟಿಗೆ ಕಮ್ಮಿ ಅಂದರೂ 2, ಎಕ್ಸಾಸ್ಟಿಗೆ ಎರಡೂವರೆ ಮಿಲಿಮೀಟರ್ ಇರಬೇಕು. ಇತ್ತು. ಮೊದಲ ಸಲ ಇದನ್ನು ನೋಡದೇ ಸ್ಟಾರ್ಟ್ ಮಾಡಿದ್ದೆ ಅಂತ ನೆನೆದರೆ ಈಗಲೂ ಬೆನ್ನು ಚಳಿ. ಕ್ಯಾಮಿನ ತುದಿಯ ಹಲ್ಲಿನ ಚಕ್ರ (ಸ್ಪ್ರಾಕೆಟ್) ಕೂರುವ ಪಿನ್ನನ್ನು ದೊಡ್ಡಪ್ಪ ಲೇತಿನಲ್ಲಿ ಆಫ್‌ಸೆಟ್ ಮಾಡಿ ಕೊಟ್ಟರು, ತಡವಾಗಿದ್ದ ಟೈಮಿಂಗನ್ನು ಸರಿಗೆ ತಂದು ಮೇಲೆ 2 ಡಿಗ್ರಿ ಮುಂದೆ ಇಟ್ಟೆವು.

ಈಗ ಐಡ್ಲಿಂಗ್ 850. ವ್ಯಾಕ್ಯೂಮ್ 16, ಮುಳ್ಳು ನಿಂತಲ್ಲೇ ನಿಂತಿದೆ. ಸಿಟಿಯಲ್ಲಿ ಲೀಟರಿಗೆ ಎಂಟೂವರೆ, ಹೊಗೆ ಟೆಸ್ಟ್ ಪಾಸು. ಮೂರನೇ ಗೇರಿನಲ್ಲಿ 2,000ದಿಂದ ಎಳೆಯುವ ಎಳೆತ ಹೊಸದು, ಅಪ್ಪನಿಗೂ ಗೊತ್ತಾಯಿತು, "ಏನೋ ಮಾಡ್ಸಿದ್ದೀಯ" ಅಂದರು. ಸದ್ದು ಮಾತ್ರ ಮೊದಲಿನ ಥರಾನೇ ಸಪ್ಪೆ. ನಿಜ ಹೇಳಬೇಕು ಅಂದರೆ ಅದೊಂದು ಬೇಜಾರು ಇನ್ನೂ ಇದೆ.

ಮನೆಯವಳು ಇನ್ನೂ ದೇವರಾಯನದುರ್ಗಕ್ಕೆ ಈ ಗಾಡಿಯಲ್ಲಿ ಬರಲ್ಲ, ಕ್ಯಾತ್ಸಂದ್ರದವರೆಗೆ ಇಡ್ಲಿಗೆ ಬರುತ್ತಾಳೆ. ಆ ಮೊದಲ ಕ್ಯಾಮ್ ಎಣ್ಣೆ ಬಟ್ಟೆ ಸುತ್ತಿಕೊಂಡು ಅಟ್ಟದ ಮೇಲಿದೆ. ಭಾಯಿ ಎರಡು ಸಲ ಕೇಳಿದರು, ಯಾರೋ ಗಿರಾಕಿಗೆ ಬೇಕಂತೆ, ಸೌಂಡಿಗೆ. ಕೊಟ್ಟಿಲ್ಲ. ಆ ಗಿರಾಕಿ ದಿನಾ ಯಾವ ಆರ್‌ಪಿಎಂನಲ್ಲಿ ಓಡಿಸ್ತಾನೆ ಅಂತ ಬರ್ಕೊಂಡ್ ಬರಲಿ, ಆಮೇಲೆ ನೋಡೋಣ ಅಂದಿದ್ದೇನೆ.